ಪಾದ್ರಿಗೆ ಹೇಳಿಕೊಂಡದ್ದು

"ಹೆಸರಂತೂ ಹೇಳಲಿಲ್ಲವಲ್ಲ ಅಕ್ಕಾ, ಬಿಡು."

"ಹೆಸರು ಬೇರೆ ಹೇಳ್ಬೇಕಿತ್ತಾ? 'ಬೇಕರಿಯಮ್ಮನ ಕುಡುಕ ಮಗ' ಅಂತ ಮೈಕಲ್ಲಿ ಅಂದ್ಮೇಲೆ ಇನ್ನೇನುಳೀತು?"

ಕುಡಿತ ಬಿಡಿಸುವ ಆಸ್ಪತ್ರೆಯಲ್ಲಿ ಕೂರಲು ಜಾಗವಿಲ್ಲದೆ ನಾನು ಗೋಡೆಗೊರಗಿ ನಿಂತಿದ್ದೆ. ಅಕ್ಕತಂಗಿಯರ ನಡುವಿನ ಕುರ್ಚಿಯಲ್ಲಿ ಒಂದು ಚೀಲವಿತ್ತು. "ಮಗ ಬರ್ತಾನೆ" ಎಂದು ಅಕ್ಕ ಮೊದಲೇ ನನಗೆ ಹೇಳಿಬಿಟ್ಟಿದ್ದರು.

"ಬಿಷಪ್ಪರು ಆ ಪಾದ್ರೀನ ಹೊರಗೆ ಹಾಕಿದಾಗ ಅವರ ಪರವಾಗಿ ಬೀದೀಲಿ ನಿಂತು ಕೂಗಾಡಿದೋಳು ನೀನೇ ತಾನೇ?"

"ಹೌದೇ, ಗಂಟಲು ಕಟ್ಟೋ ತನಕ! ಅಷ್ಟು ನಂಬಿದ್ದಕ್ಕೇ ಮಂಡಿಯೂರಿ ಎಲ್ಲಾ ಹೇಳ್ಕೊಂಡೆ. ನಿಲುವಂಗಿ ಕಳಚಿ ಚುನಾವಣೆಗೆ ನಿಂತ, ನನ್ನ ಕಣ್ಣೀರನ್ನೇ ಭಾಷಣ ಮಾಡ್ಕೊಂಡ. ಅವನ ನಾಲಿಗೆ ಸೇದುಹೋಗ!"

"ಹೆಂಡದಂಗಡಿ ಮುಚ್ಚಿಸ್ತೀನಿ ಅಂತಾರಲ್ಲ..."

"ಮೊದಲು ತನ್ನ ಬಾಯಿ ಮುಚ್ಕೊಳ್ಲಿ. ಬಿಡ್ತಾ ಬಂದಿದ್ದ ಕಣೇ ನನ್ನ ಮಗ. 'ಊರಿಗೆಲ್ಲ ಸಾರಿದೋಳು ನೀನೇ' ಅಂತ ಬೆಳಗ್ಗೆ ಬಾಗಿಲು ಹಾಕ್ಕೊಂಡ."

"ಬರ್ತೀನಿ ಅಂದಿದ್ನಾ?"

"ಬಾಗಿಲಾಚೆಯಿಂದಲೇ ಟೈಮ್ ಹೇಳಿ ಬಂದೆ."

ನರ್ಸ್ ಮಗನ ಹೆಸರು ಕೂಗಿದರು. ಇಬ್ಬರೂ ಬಾಗಿಲ ಕಡೆ ನೋಡಿದರು. ನರ್ಸ್ ಇನ್ನೊಮ್ಮೆ ಕೂಗಿದರು.

ಅಕ್ಕ ಚೀಲವೆತ್ತಿ ಹೆಗಲಿಗೆ ಹಾಕಿಕೊಂಡರು. "ಕೂತ್ಕೊಳ್ಳಿ" ಎಂದು ನನಗೆ ಹೇಳಿ, ತಂಗಿಯೊಡನೆ ಹೊರನಡೆದರು.