ಕೀಬೋರ್ಡಿನ ಕೂಸು

...ಬೆರಳ ಜಾರ್ತು ಅಂತ ಹೇಳೇನಲ್ಲ ಮಾವಶಿ! ಎಷ್ಟ ಸಲ ಹೇಳ್ಲಿ? ಕೀಬೋರ್ಡಿನ್ಯಾಗ ಚಪ್ಪಾಳಿ ಪಟ್ಟಿ ಮಗ್ಗಲಕ್ಕೇ ಕೂಸಿನ ಪಟ್ಟಿ ಐತಿ. ಚಪ್ಪಾಳಿ ಹೊಡಿಸಾಕ ಹೋದೆ, ಕೂಸ ಅತ್ತು. ಆತು, ಮುಗೀತು. ಏಳ ಈಗ. ಊಟಕ್ಕ ಏಳ.

ಇಲ್ಲಿ ಭಾಂಡಿ ತೊಳಿಯೋ ಜಾಗಾದಾಗ ಖುರ್ಚಿ ಹಾಕ್ಕೊಂಡ, ಗ್ವಾಡಿ ಕಡೆ ಮಾರಿ ಮಾಡಿ ಕುಂತ್ರ ಮಂದಿ ಏನ ಅಂದಾರು? ಅದೂ ರೇಶಿಮಿ ಸೀರಿ ಉಟ್ಕೊಂಡ! ಆ ಹುಡುಗಿ ಸಾಂಬಾರ ಬಕೀಟ ತೊಳ್ಯಾಕ ಬಂದಾಕಿ ನಿನ್ನ ನೋಡಿ ತಿರಗಿ ಹ್ವಾದ್ಳು.

ನಗ್ತೀಯೇನ? ಇಲ್ಲ? ತುಟಿ ಅಳ್ಳಾಡಿದಂಗಾತು, ಅದಕ್ಕ ಕೇಳ್ದೆ.

ಅಲ್ಲ, ಮೊದಲ ನೀನೂ ನಕ್ಕೀದಿ! ಇಲ್ಲನಬ್ಯಾಡ, ಸ್ಟೇಜ್ ಮ್ಯಾಲಿಂದ ನಾ ನೋಡೇನಿ. ಮಗ್ಗಲ ಮನಿ ದಾದಾಸಾಹೇಬರ ದಪ್ಪ ಹೆಂಡ್ತಿ ಉಡಿ ತುಂಬಾಕ ಮೆಟ್ಟಲಾ ಏರೂ ಮುಂದ ಲಾರಿ ರಿವರ್ಸ್ ಹಾರ್ನ್ ಕೊಟ್ಟೆನಲ್ಲ, ಪೀಂ... ಪೀಂ... ಪೀಂ... ನೀ ಸೆರಗಿನಾಗ ಬಾಯಿ ಮುಚ್ಚಕೊಂಡ ನಕ್ಕಿ. ಮ್ಹೈಸಾಳದ ಕೃಷ್ಣವ್ವ ಕಾಕು ಬಂದ್ಳು. ಬುಧಗಾಂವದಾಗ ನಿಂತ ಮಾತಾಡಿದ್ರ ಸಾಂಗ್ಲಿ ಮಾರ್ಕೆಟ್‌ಗಿ ಕೇಳ್ತೈತಿ ಆಕಿ ದನಿ. ಪೊಲೀಸ್ ಸೈರನ್ ಕೊಟ್ಟೆ. ಆಕೀನೇ ಬಿದ್ದ ಬಿದ್ದ ನಕ್ಳು, ನನ್ನ ಗಲ್ಲಾ ಹಿಂಡಿ ಹ್ವಾದ್ಳು! ಆಗ ಯಾರಿಗಿ ಸಿಟ್ಟ ಬಂತು? ಯಾರಿಗೂ ಇಲ್ಲ. ಒಬ್ಬೊಬ್ಬ ಮುತ್ತೈದಿಗಿ ಒಂದೊಂದ ಸೌಂಡ. ಹಾಡ ಯಾರರ ಬಾರಸ್ತಾರ. ಸೌಂಡಿಗಿ ಸೂರಜ ಬೇಕು ಅಂತ ಕರೀತಾರ ಮಂದಿ.

ಸುನಂದಾಬಾಯಿಗಿ ಏನ ಕೊಟ್ಟೆ? ಚಪ್ಪಾಳಿ ಕೊಟ್ಟೆ. ಮತ್ತೇನ? ಆಕಿ ಬಸರ ಸೊಸಿ ಸ್ವಪ್ನಾಲಿ ವಹಿನೀದ ಕುಬಸ, ಆಕಿ ಮಗ ಓಂಪ್ರಕಾಶ ದಾದಾನ ಆರ್ಕೆಸ್ಟ್ರಾ. ಆಕೀಗಿ ಕತ್ತೆ ಒದರಿಸಿದ್ರ ನಾಳಿಂದ ನಾ ಎಲ್ಲಿ ಬಾರಸ್ಲಿ, ಮಿರಜ್ ಸ್ಟೇಷನ್‌ನ್ಯಾಗ?

ಇದಕ್ಕೂ ನಗೂದುಲ್ಲ. ಬರೋಬರ್.

ಖರೇ ಹೇಳ್ಲಿ? ಕೆಡಿಸ್ದಾಕಿ ನೀನೇ. ನೀ ಬಗ್ಗಿದಿ, ಸ್ವಪ್ನಾಲಿ ವಹಿನಿ ಉಡಿ ಒಡ್ಡಿದ್ಳು, ಕೂಸ ಕ್ಯಾಂವ್ ಅಂತು, ಹಾಲ್ ತುಂಬ ಮಂದಿ ಹೋ ಅಂತ ನಕ್ರು. ಅಲ್ಲೇ ನಿಂತ ನೀನೂ ನಕ್ಕ, ಉಡಿಯಾಗ ತೆಂಗಿನಕಾಯಿ ಹಾಕಿದ್ರ ಮುಗೀತಿತ್ತು! ಕಾಯಿ ಎದಿಗಿ ಹಿಡಕೊಂಡ ತಿರಗಿ ಇಳದ ಬಂದಿ. ನೀ ಇಳದ ಮ್ಯಾಲೆ ಗೊತ್ತಾತ ಮಂದಿಗಿ, ಯಾಕ ನಕ್ವಿ ಅಂತ.

ಈಗ ನೋಡ, ವಹಿನಿ ತಾಟ ಮುಂದಿಟ್ಕೊಂಡ ಕುಂತಾಳ. ನಿನ್ನ ಹೆಸರ ಹಿಡದ ‘ಸುಶೀಲಾ ಮಾವಶಿ ಬಂದ ಉಡಿ ತುಂಬೂತನಕ ತುತ್ತ ಮುಟ್ಟೂದುಲ್ಲ’ ಅಂತಾಳ. ಬಸರ ಹೆಂಗಸು, ತನ್ನ ಕುಬಸದಾಗ ತಾನೇ ಉಪಾಸ! ಓಂಪ್ರಕಾಶ ದಾದಾ ನನ್ನ ಕಾಲರ ಹಿಡದಾನ, ಎಲ್ಲಾರ ಮುಂದ. ‘ಮಾವಶೀನ್ನ ಕರ್ಕೊಂಡ ಬಾ, ಇಲ್ಲಾಂದ್ರ ಕೀಬೋರ್ಡ್ ಗಂಟ ಕಟ್ಟ. ನನ್ನ ಆರ್ಕೆಸ್ಟ್ರಾದಾಗ ಮತ್ತ ಕಾಣಬ್ಯಾಡ’ ಅಂದ. ಅರ್ಥ ಆತ? ಎಂಟನೇತ್ತಾದಾಗ ಸಾಳಿ ಬಿಟ್ಟಾಂವ ನಾ. ಕೀಬೋರ್ಡ್ ಹ್ವಾದ್ರ ಏನ ಮಾಡ್ಲಿ, ಅಡತಿ ಅಂಗಡ್ಯಾಗ ಅರಿಷಿಣ ಚೀಲಾ ಹೊರ್ಲಿ? ನಿನ್ನ ಕೈಯಾಗ ಐತಿ ಈಗ ನನ್ನ ಬಾಳೇವು. ಏಳ. ನಿನ್ನ ಕಾಲ ಬೀಳ್ತೇನಿ. ನೋಡ, ಬಿದ್ದೆ. ಡಬಲ್ ಬಿದ್ದೆ.

ಯಾಕ ನನ್ನ ಕೈ ನೋಡಾಕತ್ತಿ?

ಎಡಗೈಯಿಂದ ಹೊಡದೆ, ಹೂಂ. ಅದಕ್ಕೇನೀಗ?

...ಚಪ್ಪಾಳಿ ಬಲಕ್ಕ ಐತಿ. ಹೂಂ. ನೀ ಹಣೀಗಿ ಹಚ್ಕೊಳ್ಳೂ ಟಿಕಳಿ ಪಾಕೀಟಿಂದ ಕೆಂಪ ಟಿಕಳಿ ತಗದ ಹಚ್ಚೇನಿ ಅದರ ಮ್ಯಾಲ. ನೀನೇ ದಿನಾ ಕೀಬೋರ್ಡ್ ಒರಸ್ತಿ, ನಿನಗ ಗೊತ್ತಿಲ್ಲೇನ. ಕೂಸಿನ ಪಟ್ಟಿ ಈ ಕಡೆ ಐತಿ, ಎಡಕ್ಕ, ಕಡೀಕ. ಮಗ್ಗಲಕ್ಕಿಲ್ಲ. ಆತ? ಜಾರಿಲ್ಲ ಬೆರಳ. ಆದ್ರ ನಾ ಏನ ಮಾಡ್ಲಿ, ಮುಂಜಾನಿಂದ ಮ್ಯಾಲಿಂದ ಮ್ಯಾಲೆ ಫೋನ್ ಮಾಡಿದ್ರ, ತಪ್ಪಸ ತಪ್ಪಸ ಅಂತ ತಲಿ ತಿಂದ್ರ...

ಯಾರ ಅಂದ್ರ? ನಾ ಯಾರ ಹೆಸರೂ ಹೇಳಿಲ್ಲ.

ನೀ ಕೇಳೂ ಇಲ್ಲ ಬಿಡ.

...ಸುನಂದಾಬಾಯಿ! ಸಾಕ? ‘ಸೂರಜ, ನಿನ್ನ ಮಾವಶಿ ಉಡಿ ತುಂಬಬೇಕಂತ ಸ್ವಪ್ನಾಲಿ ಹಟಾ ಹಿಡದಾಳ. ಮಕ್ಕಳಾಗದಾಕಿ ಕೈ ಉಡಿಗಿ ಹತ್ತಬಾರದು. ನಾ ಹೇಳಿದ್ರ ನಾ ಕೆಟ್ಟಾಕಿ ಆಗ್ತೇನಿ. ನೀ ಏನರ ಯುಕ್ತಿ ಮಾಡಪಾ’ ಅಂದ್ಳು. ಅಪಾ ಅಂದ್ಳು ನನಗ! ಮಗನ ಆರ್ಕೆಸ್ಟ್ರಾ, ಅವ್ವನ ಮಾತು. ಇಲ್ಲನ್ನಾಕ ಆಗ್ತೈತೇನ? ಈಗ ತಿಳೀತಲ್ಲ. ಸಿಟ್ಟ ಮಾಡೂದಿದ್ರ ಆಕಿ ಮ್ಯಾಲ ಮಾಡ. ಜೋಡೀನೇ ಬೈಯೋಣ ಬಾ, ಮದಲ ಉಂಡ ಬರೋಣ.

ಯಾಕ ಮತ್ತ ಹಂಗೇ ನೋಡ್ತಿ?

ಎಲ್ಲಾ ಹೇಳ್ದೆನಲ್ಲ ಮಾವಶಿ.

...ಕೂಸ ಅಳಸು ಅಂತ ಆಕಿ ಹೇಳಿದ್ದಿಲ್ಲ. ಆತು! ನಿನ್ನ ಹೆಸರ ಕರಿಯೂ ಹೊತ್ತಿಗಿ ಜೋರ ಹಾಡ ಸುರು ಮಾಡ, ಹೆಸರ ಹಾಡಿನಾಗ ಮುಳಗ್ಲಿ, ಆಮ್ಯಾಲೆ ಮರತಂಗ ಮಾಡೋಣ ಅಂದಿದ್ಳು. ಅಷ್ಟೇ. ನೀ ಕೆಳಗೇ ಕುಂತ ಉಂಡ ಮನಿಗಿ ಹೋಗ್ತಿದ್ದಿ, ಯಾರಿಗೂ ಗೊತ್ತಾಗ್ತಿದ್ದಿಲ್ಲ.

ಹಾಡಿಗಿ ಯಾರ ನಗ್ತಾರ, ನೀನೇ ಹೇಳ! ಲಾರಿ ಆತು, ಸೈರನ್ ಆತು, ಕಡೀದ ಎಲ್ಲಾಕಿಂತ ದೊಡ್ಡದ ಬೇಕಲ್ಲ. ಮಧ್ಯಾಹ್ನ ನೀ ಈ ಸೀರಿ ಇಸ್ತ್ರಿ ಮಾಡ್ತಿದ್ದಿ. ನಾ ಅಲ್ಲೇ ಬಾಜೂಕ ಹೆಡ್‌ಫೋನ್ ಹಾಕ್ಕೊಂಡ ಸೌಂಡ ಹುಡಕಾಕತ್ತಿದ್ದೆ. ‘ಏನೋ ಒಬ್ಬಾಂವನೇ ನಗಾಕತ್ತಿ?’ ಅಂದಿ. ಏನಿಲ್ಲ ಅಂದೆ. ಕೂಸ ನಗೂದೂ ಇತ್ತ ಅದರಾಗ, ಮಾವಶಿ. ಕೇಳ್ದೆ, ಅಷ್ಟ ಮಜಾ ಬರ್ಲಿಲ್ಲ. ಅಳೂದನ್ನ ಆರಿಸ್ದೆ.

ಬೈ ನನಗ. ಹೊಡಿ. ಇಲ್ಲಿ ಹೊಡಿ, ಕಪಾಳಕ್ಕ. ಸುಮ್ನ ಕೂಡಬ್ಯಾಡ.

ನೀ ಎಲ್ಲಿ ಹೊಡಿಯಾಕಿ! ನಮ್ಮವ್ವನ ಒಡಹುಟ್ಟಿದಾಕಿ ನೀ, ಆಕಿ ಸತ್ತ ಮ್ಯಾಲೆ ನನ್ನ ಬಗಲಾಗ ಎತ್ಕೊಂಡ ಬಂದಾಕಿ, ಇಲ್ಲೀತನಕ ಒಂದ ಏಟ ಹಾಕಿಲ್ಲ. ಓಣ್ಯಾಗ ಏನಂತಾರ ಗೊತ್ತೈತೇನ? ‘ತಾ ಹಡದಿದ್ರ ಹೊಡೀತಿದ್ಳು, ಇನ್ನೊಬ್ಬರ ಕೂಸಿಗಿ ಹೆಂಗ ಹೊಡೀತಾಳ’ ಅಂತಾರ. ಕಟ್ಟಿ ಮ್ಯಾಲ ಕುಂತ ಅಂತಾರ. ಆ ಕಟ್ಟಿ ಮ್ಯಾಲ ನಾನೂ ಇರ್ತೇನಿ. ನಾನೂ ನಗ್ತೇನಿ.

...

ಒಳಗ ಠಪ್ ಅಂತು. ಕೇಳ್ದಿ? ಸ್ಪೀಕರ್ ಅದು. ಸ್ವಿಚ್ ಬಂದ್ ಮಾಡದೇ ಕೀಬೋರ್ಡಿನ ವಾಯರ ಕಿತ್ತರ ಹಂಗ ಅಂತೈತಿ.

ದಾದಾ ಕಿತ್ತ ಒಗದಾನ.

ಹೋಗ್ಲಿ ಬಿಡ. ಈಗ ನೀ ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ. ಇದೇ ಖುರ್ಚ್ಯಾಗ ಒಂದೀಟ ಸರಿ, ನಾನೂ ಕುಂದರ್ತೇನಿ.

ಆ ಕಡೆ ಸರಿ ಮಾವಶಿ.

...ಸರಿಯೂದುಲ್ಲ?