ವಿಚಾರಣೆಗೆ ಒಂದೇ ಬಸ್ಸು

ಯಲ್ಲಾಪುರದಿಂದ ಸಿರ್ಸಿಗೆ ಹೊರಟ ಬಸ್ಸಿನಲ್ಲಿ ಜಯಾಳ ಮುಂದಿನ ಸೀಟಿಗೆ ಊರುಗೋಲಿನ ಹುಡುಗಿಯೊಬ್ಬಳು ಬಂದು ಕೂತಳು. ಅವಳಿಗೆ ಟಿಕೆಟ್ ಹರಿದುಕೊಟ್ಟ ಕಂಡಕ್ಟರು ಮುಂದೆ ಹೋಗದೆ ಅಲ್ಲೇ ನಿಂತ. ಕದ್ದು ಕೇಳುವುದು ಜಯಾಳ ಅಭ್ಯಾಸವಲ್ಲ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ.

"ಮಾನವ ಹಕ್ಕು ಆಯೋಗದವ್ರ ಹತ್ರ ಹೊರಟದ್ದಾ, ಶಾಯಿಸ್ತಾ?"

"ಹೌದು ಶಾಂತಾರಾಮಣ್ಣ. ನಿಮಗೂ ಇವತ್ತೇ ಅಲ್ವಾ ವಿಚಾರಣೆ?"

"ಹೌದು. ಬಸ್ಸು ಸ್ಟ್ಯಾಂಡಿಗೆ ಬಿಟ್ಟು ಬರ್ತೇನೆ. ನನ್ನ ಮೇಲೆ ದೂರು ಕೊಟ್ಟು ನನ್ನ ಬಸ್ಸಿಗೇ ಹತ್ತಿದ್ಯಲ್ಲ ಮಾರಾಯ್ತಿ."

"ಮತ್ತೆಂತ ಮಾಡ್ಲಿ? ಈ ಹೊತ್ತಿಗೆ ಬೇರೆ ಬಸ್ಸಿಲ್ಲ."

ಇಬ್ಬರಿಗೂ ಸಣ್ಣಗೆ ನಗು ಬಂತು.

"ಅಲ್ಲಿ ಎಂತ ಹೇಳ್ತೀ?"

"ಆದದ್ದೇ ಹೇಳ್ತೇನೆ. ಕೈ ಮಾಡಿದ್ರೂ ಬಸ್ಸು ನಿಲ್ಲಿಸ್ಲಿಲ್ಲ, ನನ್ನ ಪರೀಕ್ಷೆ ತಪ್ಪಿತು ಅಂತ. ನೀವು?"

"ನೀ ಹತ್ತೋದ್ರೊಳಗೆ ತಡ ಆಗ್ತದೆ ಅಂತ ಬಿಟ್ಟು ಬಂದೆ. ಅದನ್ನೇ ಹೇಳ್ತೇನೆ."

"ಕಂಡಿಲ್ಲ ಅಂದ್ರೆ ನೀವು ಪಾರಾಗ್ಬಹುದು."

"ಕಂಡಿದ್ದೆ ತಂಗೀ. ಹಿಂದಿನ ಗಾಜಿನಲ್ಲಿ ನೋಡ್ತಾ ಇದ್ದೆ, ಸುಮಾರು ದೂರದ ತನಕ ನೀ ಕೈ ಇಳಿಸ್ಲೇ ಇಲ್ಲ."

ಹುಡುಗಿ ಕಿಟಕಿಯತ್ತ ತಿರುಗಿದಳು. ಶಾಂತಾರಾಮ ಉಳಿದವರಿಗೆ ಟಿಕೆಟ್ ಕೊಡಲು ಮುಂದೆ ಹೋದ.

ಸಿರ್ಸಿಯಲ್ಲಿ ವಿಚಾರಣೆ ನಡೆಯುವ ಸಭಾಭವನದ ಎದುರು ಬಸ್ಸು ನಿಂತಿತು. ಶಾಂತಾರಾಮ ತಾನೇ ಮೊದಲು ಇಳಿದು ಎರಡೂ ಕೈ ಚಾಚಿದ.

"ಬಾ, ಎತ್ತಿ ಇಳಿಸ್ತೇನೆ."

"ಎತ್ತೋದು ಬೇಡ ಅಣ್ಣ. ನಾ ಇಳಿಯೋ ತನಕ ಬಸ್ಸು ನಿಂತಿದ್ರೆ ಸಾಕು."

ಅವನು ಕೈ ಹಿಂತೆಗೆದು ಪಕ್ಕಕ್ಕೆ ಸರಿದ. ಡ್ರೈವರು ಹಾರ್ನ್ ಹೊಡೆದ, ಹಿಂದಿನ ಸೀಟಿನವರು ಗೊಣಗಿದರು. ಅವಳು ಎರಡೂ ಊರುಗೋಲು ನೆಲಕ್ಕೂರಿ, ರಸ್ತೆ ದಾಟಿ, ಸಭಾಭವನದ ಮೆಟ್ಟಿಲು ಮುಟ್ಟಿದಳು. ಆಮೇಲೆ ಶಾಂತಾರಾಮ ಬಸ್ಸು ಹತ್ತಿ "ರೈಟ್" ಅಂದ.