ಐಮಂಗಲದಲ್ಲಿ ಒಂದು ಕುರಿ ಹೆಚ್ಚಾಯಿತು

ಹಲೋ... ಹಾಂ, ಹಲೋ. ಯಾರ್ರಿ ಮಾತಾಡ್ತಿರಾದು? ...

ಗೋವರ್ಧನನಾ? ಅಲ್ಲಲ್ಲ, ನಾನು ಮಂಜಣ್ಣ. ಕುರಿ ಕಾಯೋನು. ಈ ಫೋನು ಜಾಲಿ ಗಿಡಕ್ಕೆ ನೇತಾಕಿದ ಅವನ ಬ್ಯಾಗಿನಾಗೆ ಬೆಳಗ್ಗಿಂದ ಬಡ್ಕಂತಾನೇ ಐತೆ. ತಡೀಲಾರ್ದೆ ತಗಂಡೆ. ನೀವ್ಯಾರು? ...

ಉಷಾರಾಣಿ ಮೇಡಮ್ಮಾ. ಚಿತ್ರದುರ್ಗದ ಡಿಸೈನ್ ಕಾಲೇಜು. ಹಾಂ ಹಾಂ, ಗೊತ್ತಾತು... ಗೊತ್ತಾಗ್ಲಿಲ್ಲ, ಇರ್ಲಿ ಹೇಳ್ರಿ...

ಅವನಿಗೆ ಕೊಟ್ರೆ ಪ್ರಯೋಜನ ಇಲ್ಲ ರೀ. ಮಾತಾಡಂಗಿಲ್ಲ ಅವ್ನು... ಏನೂ ಆಗಿಲ್ಲ, ಗಾಬರಿ ಬ್ಯಾಡ. ಚೆನ್ನಾಗವ್ನೆ. ನನ್ನ ಕುರಿಗಳ ಮಧ್ಯೆ ನಾಕು ಕಾಲಲ್ಲಿ ಅವ್ನೆ...

ಹೂಂ ರೀ, ನಾಕು. ಎರಡು ಕೈಯಲ್ವೇನೋ ಅಂದಿದ್ದಕ್ಕೆ ಮುಖ ತಿರುಗಿಸ್ಕಂಡ. ಬೆಳಗ್ಗೆ ಐಮಂಗಲದಾಗೆ ಬಸ್ ಇಳಿದು ಸೀದಾ ಇಲ್ಲಿಗೆ ಬಂದ. ಬ್ಯಾಗಿಂದ ಒಂದು ಹಳೇ ಕಂಬಳಿ ತೆಗೆದು ಹೊದ್ಕಂಡ. "ಅಣ್ಣಾ, ಇವತ್ತು ನಾನೊಂದು ಕುರಿ, ಏನೂ ಕೇಳ್ಬ್ಯಾಡ" ಅಂದ, ಬಗ್ಗಿದ. ಅಷ್ಟೇ. ಆಮ್ಯಾಕೆ ಬಾಯಿಂದ ಬ್ಯಾ ಬಿಟ್ರೆ ಇನ್ನೊಂದು ಮಾತು ಬಂದಿಲ್ಲ...

ಏನು? ನೀವೇ ಹೇಳಿ ಕಳ್ಸಿದ್ದಾ? ಕತೆ ಕಟ್ಟೋ ಪಾಠಕ್ಕಾ? ...

ಕತೆ ಹೇಳೋಕೆ ಮುಂಚೆ ಪಾತ್ರದ ಒಳಗೆ ಹೋಗ್ಬೇಕು. ಅಲ್ವಾ? ಸರಿ. ಒಳಗೆ ಹೋಗಾದು ಚೆನ್ನಾಗಿ ಹೇಳ್ಕೊಟ್ಟಿದೀರಿ. ಹೊರಗೆ ಬರಾದು ಯಾವಾಗ ಹೇಳ್ಕೊಡ್ತೀರಿ? ಮುಂದಿನ ವರ್ಷನಾ? ...

ಉಳಿದ ಹುಡುಗ್ರು ಏನಾಗವ್ರೆ ಮತ್ತೆ? ... ರಂಜಿತಾ ಅಂಬೋಳು ಹಿರಿಯೂರು ಬಸ್ ಸ್ಟ್ಯಾಂಡಿನಾಗೆ ಸಿಮೆಂಟ್ ಬೆಂಚು. ಯಾರಾದ್ರೂ ಕುಂತ್ರಾ ಮ್ಯಾಗೆ? ... ಅಯ್ಯಯ್ಯೋ, ಟಿಫನ್ ಬಾಕ್ಸ್ ಇಟ್ಟು ಊಟನೇ ಮಾಡಿ ಹೋದ್ರಾ! ... ಚಿತ್ರಾ? ಹೊಳಲ್ಕೆರೆಯಾಗೆ ನೀರಿನ ಟ್ಯಾಂಕು. ಬಾಯಿ ಮುಚ್ಕಂಡಿರಾಕೆ ಹೇಳ್ರಿ ಆ ಹುಡುಗೀಗೆ, ಯಾರಾದ್ರೂ ಬ್ಲೀಚಿಂಗ್ ಪೌಡರ್ ಹಾಕಿಬಿಟ್ಟಾರು...

ನೀವು ನಗ್ಬ್ಯಾಡ್ರಿ ಮೇಡಂ. ನನ್ನ ಕಷ್ಟ ಸ್ವಲ್ಪ ಕೇಳ್ರಿ. ಇವತ್ತು ಹೊತ್ತು ಮುಳುಗಾದ್ರೊಳಗೆ ನಾನು ಮುರುಗಪ್ಪನ ಹೊಲದಾಗೆ ಕುರಿ ತರುಬ್ಬೇಕು... ತರುಬೋದು ಅಂದ್ರೆ ರಾತ್ರಿಯೆಲ್ಲ ಹೊಲದಾಗೆ ಮಲಗಿಸೋದು ರೀ, ಹೊಲಕ್ಕೆ ಗೊಬ್ಬರ ಆಗ್ತೈತೆ. ನಮ್ಮಪ್ಪನ ಕಾಲದಿಂದ ಆ ಹೊಲಕ್ಕೆ ನಮ್ಮ ಕುರಿನೇ. ನಾನು ಇವತ್ತು ಹೋಗ್ಲಿಲ್ಲ ಅಂದ್ರೆ ಆ ಬಬ್ಬೂರು ಪಾಲಣ್ಣ ಅವನ ಮಂದೆ ನುಗ್ಗಿಸ್ತಾನೆ. ನುಗ್ಗಿಸ್ದಾ, ಮುಗೀತು. ಮುರುಗಪ್ಪ ಇನ್ಮ್ಯಾಲೆ ನನ್ನ ಕರೆಯಂಗಿಲ್ಲ...

ದೂರ ಎಲ್ಲೈತೆ ರೀ! ಹೈವೇ ಕೆಳಗೆ ಒಂದು ಅಂಡರ್‌ಪಾಸು, ಅದು ದಾಟಿದ್ರೆ ಹೊಲ. ಕಣ್ಣಿಗೆ ಕಾಣ್ತೈತೆ. ಆದ್ರೆ ನಿಮ್ಮ ಹುಡುಗ ಅಂಡರ್‌ಪಾಸ್ ಒಳಗೆ ನೆಳ್ಳು ಕಂಡ, ಕುಂತ. ಅವ್ನು ಕುಂತ, ಕುರಿ ಅಷ್ಟೂ ಕುಂತ್ವು. ಅವ್ನು ಮೆಲುಕು ಹಾಕ್ತಾನೆ, ಅವೂ ಹಾಕ್ತವೆ. ಈ ಕಡೆ ಒಂದು ಟ್ರ್ಯಾಕ್ಟರು, ಆ ಕಡೆ ಒಂದು ಮದುವೆ ಬಸ್ಸು. ಹಾರ್ನು ಕೇಳ್ತೈತಾ ನಿಮಗೆ? ...

ಎಬ್ಬಿಸ್ದೆ ರೀ! ಹೆಗಲಿಗೆ ಕೈ ಹಾಕಿದ್ದೇ ತಡ, ಟಗರು ಬಂದು ನನ್ನ ಸೊಂಟಕ್ಕೇ ಗುದ್ದಿತು. ನನ್ನದೇ ಟಗರು. ನಾನು ಬೆಳೆಸಿದ್ದು. ಅವನ ಪಾರ್ಟಿ ಸೇರ್ಕಂಡೈತೆ...

ನನ್ನ ಹೆಂಡ್ತಿನಾ? ಕಾಟಮ್ಮಂದು ಇನ್ನೊಂದು ಕತೆ. ಅವನ ಬೆನ್ನಿಗೆ ಕೆಂಪು ಬಣ್ಣ ಹಚ್ಚಿ ನಮ್ಮ ಮಂದೆ ಗುರುತು ಹಾಕವ್ಳೆ, ಎಲ್ಲಾದ್ರೂ ತಪ್ಪಿಸ್ಕಂಡಾನು ಅಂತ. ಮುದ್ದೆ ಮುರಿದು ಬಾಯಿಗಿಡ್ತಾಳೆ. "ಹೇಳಿದ್ದು ಕೇಳ್ತೈತೆ ಪಾಪ, ನಿನ್ನಂಗಲ್ಲ" ಅಂತಾಳೆ ನನಗೆ...

ಅದೇ ನನಗೂ ತಿಳೀತಿಲ್ಲ ಮೇಡಂ. ಇವತ್ತು ಬಂದೋನ ಹಿಂದೆ ಈ ಕುರಿ ಯಾಕೆ ಹಿಂಗೆ ಬಿದ್ದವೆ ಅಂತ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸ್ತು ಅಂತಾರಲ್ಲ, ಹಂಗೆ... ಏನು? ಕಂಬಳಿ? ಯಾರ ಕಂಬಳಿ? ...

ಶ್ರೀರಾಂಪುರದ ಜಂಪಣ್ಣಂದಾ! ಇವ್ನು ಜಂಪಣ್ಣನ ಮೊಮ್ಮಗನಾ? ... ತಾತ ಸತ್ತ ಮ್ಯಾಲೆ ಪೆಟ್ಟಿಗೆಯಾಗೇ ಇತ್ತಾ. ತೊಳೆದೇ ಇಲ್ವಾ? ... ಸರಿ ಬಿಡ್ರಿ. ಮುಗೀತು. ಜಂಪಣ್ಣ ಹೊಸದುರ್ಗ ಸಂತೆಯಾಗೆ ಹಂಗೇ ನಡ್ಕಂಡು ಹೋದ್ರೆ ಊರೋರ ಕುರಿಯೆಲ್ಲ ಬೆನ್ನಿಗೆ ಬೀಳ್ತಿದ್ವು ರೀ. ಆ ವಾಸನೆ ಹಂಗೇ ಐತೆ ಕಂಬಳಿಯಾಗೆ...

ಕಿತ್ಕಳ್ಳಾದಾ? ಟಗರು ಇನ್ನೊಂದು ಸಲ ಗುದ್ದಲಿ ಅಂತನಾ? ನೀವೇ ಬಂದು ಕಿತ್ಕಳ್ರಿ...

ಹೂಂ, ಹೇಳ್ರಿ, ಕೇಳ್ತಾ ಇದೀನಿ... ಕತೆ ಮುಗೀದೆ ಅವ್ನು ಏಳಂಗಿಲ್ಲ. ಹೂಂ. ಪಾತ್ರಕ್ಕೆ ಏನೋ ಒಂದು ಬೇಕಾಗಿರ್ಬೇಕು. ಹೂಂ. ಅದಕ್ಕೆ ಒಂದು ಅಡ್ಡಿ ಬರ್ಬೇಕು. ಕೊನೆಗೆ ಪಾತ್ರ ಬದಲಾಗ್ಬೇಕು... ಮೇಡಂ, ಹೊಟ್ಟೆಯಾಗೆ ಮುದ್ದೆ ಐತೆ, ತಲೆ ಮ್ಯಾಗೆ ನೆಳ್ಳೈತೆ, ಬೆನ್ನು ಸವರಾಕೆ ಕಾಟಮ್ಮ ಅವ್ಳೆ. ಅವನಿಗೆ ಇನ್ನೇನು ಬೇಕು? ಅದಕ್ಕೇ ನಿಮ್ಮ ಕತೆ ಮುಂದಕ್ಕೆ ಹೋಗ್ತಿಲ್ಲ...

ಅಡ್ಡಿ ನಾವೇ ತರ್ಬೋದಾ? ಯಾವ ಥರದ್ದಾದ್ರೂ? ... ಮೊದ್ಲೇ ಹೇಳ್ಬಾರ್ದಾ ತಾಯಿ! ಫೋನು ಕಿವಿಯಿಂದ ದೂರ ಹಿಡ್ಕಳ್ರಿ ಒಂದ್ ಚಣ... ತೋಳಾ! ತೋಳ ಬಂತಲೇ! ತೋಳಾ! ...

ಎದ್ದ ಮೇಡಂ! ಎದ್ದ! ಎಲ್ಲ ಎದ್ವು! ಕತೆ ಓಡ್ತು ನೋಡ್ರಿ... ಲೇ, ಆ ಕಡೆ ಅಲ್ಲಲೇ! ಹೊಲ ಈ ಕಡೆ! ಲೇ ಗೋವರ್ಧನಾ! ...

ದುರ್ಗದ ದಿಕ್ಕಿಗೆ ಹೋಗ್ತಾ ಅವ್ನೆ ರೀ. ಕುರಿ ಪೂರಾ ಅವನ ಹಿಂದೆ. ನಿಮ್ಮ ಕಾಲೇಜಿಗೇ ಬರ್ತವೆ, ಸೀಟು ಕೊಡ್ರಿ ಎಲ್ಲಕ್ಕೂ...

ಸಿಳ್ಳೆ ಹಾಕ್ದೆ. ಹಾಕ್ದೆ ರೀ, ಕೇಳಿಸ್ಲಿಲ್ವಾ? ಅವಕ್ಕೂ ಕೇಳಿಸ್ಲಿಲ್ಲ. ಒಂದಾದ್ರೂ ತಿರುಗಿ ನೋಡ್ಬ್ಯಾಡ್ವಾ...

ಹೊಟ್ಟೆ ಉರೀತೈತೆ ಮೇಡಂ. ಸುಳ್ಳು ಯಾಕೆ ಹೇಳ್ಲಿ. ಹುಟ್ಟಿದ ಮರಿನ ಕಂಬಳಿಯಾಗೆ ಸುತ್ಕಂಡು ಹಳ್ಳ ದಾಟ್ಸಿದೋನು ನಾನು. ಅರ್ಧ ದಿನ ಬಗ್ಗಿ ನಡೆದೋನು ಅವನು. ಅವನ ಹಿಂದೆ ಹೋದ್ವು. ನನ್ನ ಕುರಿ ನನ್ನವಲ್ಲ ಅಂದ್ರೆ ನಾನು ಯಾರ್ರಿ? ಕೋಲು ಹಿಡ್ಕಂಡು ರಸ್ತೆ ಮ್ಯಾಗೆ ನಿಂತಿರೋ ಯಾವನೋ ಒಬ್ಬ...

ಅಗೋ, ಅಂಡರ್‌ಪಾಸ್ ಆ ಕಡೆಯಿಂದ ಗಂಟೆ ಸದ್ದು. ಪಾಲಣ್ಣನ ಕುರಿವು. ಬಂದ್ಬಿಟ್ಟ...

ನಾನಾ? ... ಏನಂದ್ರಿ? ... ನಾನೂ ಕುರಿ ಪಾತ್ರದ ಒಳಗೆ ಹೋಗ್ಬೇಕಾ? ಮೇಡಂ, ನನಗೆ ಮೊಣಕಾಲು ನೋವು ಐತೆ. ಮದುವೆ ಬಸ್ಸಿನೋರು ಕಿಟಕಿಯಾಗೆ ನೇತಾಡ್ಕಂಡು ನೋಡ್ತಾ ಅವ್ರೆ. ತಡೀರಿ, ಕಾಟಮ್ಮನ್ನ ಒಂದು ಮಾತು ಕೇಳ್ತೀನಿ. ಏಯ್ ಇವಳೇ, ಈ ಮೇಡಮ್ಮು... ಅಲೆಲೆಲೆ! ಇವಳು ಆಗ್ಲೇ ಬಗ್ಗವ್ಳೆ ರೀ! ...

ಸರಿ. ಹೆಂಗೆ ಶುರು ಮಾಡ್ಬೇಕು ಹೇಳ್ರಿ... ಮೊದ್ಲು ನಾನು ಯಾರು ಅನ್ನಾದು ಮರೀಬೇಕಾ? ಅದೇನು ಕಷ್ಟ ಬಿಡ್ರಿ. ಅವು ಆಗ್ಲೇ ಮರ್ತವೆ...

ಕೋಲು ಕೆಳಗಿಟ್ಟೆ. ಫೋನು ರುಮಾಲಿನಾಗೆ ಸಿಗಿಸ್ಕಂಡೆ. ಕೇಳ್ತೈತಾ? ... ಬಗ್ಗಿದೆ. ಟಾರು ಸುಡ್ತೈತೆ ರೀ... ಬ್ಯಾ... ಇಲ್ಲ ಇಲ್ಲ, ಮನುಷ್ಯರ ಥರ ಬಂತು ಅದು. ತಡೀರಿ... ಬ್ಯಾಆಆ...

ಮೇಡಂ...

ನಿಂತ್ವು ಮೇಡಂ. ನಮ್ಮ ಬಿಳಿ ಕಿವಿ ಮುದಿ ಕುರಿ ತಿರುಗಿ ನೋಡ್ತು. ನನ್ನೇ ನೋಡ್ತು ಕಣ್ರಿ... ಬರ್ತಾ ಐತೆ. ಎಲ್ಲ ಬರ್ತಾ ಅವೆ...

ಗೋವರ್ಧನನೂ ಬಂದ. ತಲೆ ತಗ್ಗಿಸ್ಕಂಡು ನನ್ನ ಹಿಂದೆ ನಿಂತ. ಅವನ್ನ ಪಾಸ್ ಮಾಡ್ರಿ ಮೇಡಂ. ಒಳ್ಳೇ ಕುರಿ...

ಎದ್ದು ನೋಡ್ದೆ ರೀ ಈಗ. ಅರ್ಧ ಎದ್ದೆ, ಎಲ್ಲ ದುರ್ಗದ ಕಡೆ ತಿರುಗಿದ್ವು! ಮತ್ತೆ ಬಗ್ಗಿದೆ, ಬಂದ್ವು. ಹೊಲದ ತಂಕ ಹಿಂಗೇ ಹೋಗ್ಬೇಕು ಅಂತ ಕಾಣ್ತೈತೆ. ಹೋಗಾಣ ಬಿಡ್ರಿ. ನಮ್ಮಪ್ಪನ ಹೊಲ... ಮುರುಗಪ್ಪಂದೇ, ಆದ್ರೂ ನಮ್ಮಪ್ಪನ ಹೊಲ...

ಅಂಡರ್‌ಪಾಸ್ ದಾಟಿದ್ವಿ. ಬದುವಿನ ಮ್ಯಾಗೆ ಪಾಲಣ್ಣ ನಿಂತವ್ನೆ. ಬಾಯಿ ಹಂಗೇ ತೆರ್ಕಂಡವ್ನೆ. ನೋಡ್ಲಿ, ನನಗೇನು ನಾಚ್ಕೆ... ಮೇಡಂ! ಅವನ ಟಗರು ನಮ್ಮ ಕಡೆ ಬರ್ತೈತೆ! ಅವನ ಕುರಿ ಎಲ್ಲ ನಮ್ಮ ಹಿಂದೆ! ಸಿಳ್ಳೆ ಹಾಕ್ತಾನೆ, ಹಾಕಪ್ಪ ಹಾಕು...

ಪಾಲಣ್ಣನೂ ಕೋಲು ಕೆಳಗಿಟ್ಟ ರೀ...

ಸೇರಿದ್ವಿ ಮೇಡಂ. ಹೊಲ ಸೇರಿದ್ವಿ. ಎಲ್ಲ ಮಲಗ್ತಾ ಅವೆ. ಮುರುಗಪ್ಪ ಬಂದ, ನಮ್ಮನ್ನೆಲ್ಲ ಒಂದ್ ಸಲ ಎಣಿಸ್ದ, ಖುಷಿಯಾಗಿ ಹೋದ. ಈ ವರ್ಷ ಗೊಬ್ಬರ ಜಾಸ್ತಿ ಅಂದ್ಕಂಡಿರ್ಬೇಕು. ನಾನು ಮಾತಾಡ್ಸಾಣ ಅಂತ ಬಾಯಿ ತೆಗೆದೆ, ಬ್ಯಾ ಅಂತನೇ ಬಂತು...

ಹಲೋ? ಮೇಡಂ, ಫೋನು ಕುಂಯ್ ಅಂತೈತೆ, ಚಾರ್ಜು ಮುಗೀತು. ಬೇಗ ಹೇಳ್ರಿ. ಆಗ್ಲಿಂದ ಕೇಳ್ತಾನೇ ಇದೀನಿ, ಒಳಗೆ ಹೋಗಾದು ಹೇಳಿದ್ರಿ, ಹೊರಗೆ ಬರಾದು ಹೆಂಗೆ? ... ಹಲೋ? ಹೊರಗೆ ಬರಾದು ಹೆಂಗ್ರಿ? ಹಲೋ? ... ಬ್ಯಾ? ...